ಚೀಟಿ ಜೇಬಿಗಿಟ್ಟುಕೊಂಡವರು

ಕಳೆದ ತಿಂಗಳು ಅವರು ತೀರಿಕೊಂಡರು. ಇಲಾಖೆಯವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯೇ ಹಾರ ಹಾಕಿದ ಫೋಟೋ ಬಂತು. ಕೆಳಗೊಂದು ದೀಪ, ಅದರ ಕೆಳಗೆ ‘ಮೂಕಪ್ರಾಣಿಗಳ ಪಾಲಿನ ಧನ್ವಂತರಿ’ ಎಂಬ ಸಾಲು. ಒಬ್ಬರಾದ ಮೇಲೊಬ್ಬರು ಕೈಮುಗಿದರು. ನಾನು ಮುಗಿಯಲಿಲ್ಲ. ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, “ಮೇಡಂ, ಭಾನುವಾರ ಕೊಳ್ಳೇಗಾಲದಲ್ಲಿ ನುಡಿನಮನ ಇಟ್ಕೊಂಡಿದೀವಿ. ನೀವು ಮಾತಾಡ್ಲೇಬೇಕು. ಅವರ ಕೈಯಲ್ಲಿ ಕಲಿತೋರು ನೀವು” ಅಂದರು. ಕೆಲಸವಿದೆ ಅಂದೆ. ಕೆಲಸವೇನೂ ಇರಲಿಲ್ಲ.

ಅಲ್ಲಿ ಆಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವರಿಗೆ ಹೆಸರೆಂದರೆ ಪ್ರಾಣ. ಲಸಿಕೆ ಶಿಬಿರದ ಬ್ಯಾನರಿನಲ್ಲಿ, ಪೇಪರಿನ ಸುದ್ದಿಯಲ್ಲಿ ತಮ್ಮ ಹೆಸರು ಎಲ್ಲಿದೆ, ಎಷ್ಟು ದಪ್ಪಕ್ಷರದಲ್ಲಿದೆ ಅಂತ ಮೊದಲು ನೋಡುತ್ತಿದ್ದರು. ಇದೊಂದು ಕಡೆಯಾದರೂ ಅದು ಇಲ್ಲದಿರಲಿ. ಯಾವ ಆಸ್ಪತ್ರೆ ಅಂತಲೂ ಬರೆಯುವುದಿಲ್ಲ. ಕೊಳ್ಳೇಗಾಲದ ಸುತ್ತಮುತ್ತ ಎಲ್ಲೋ ಒಂದು ಪಶು ಆಸ್ಪತ್ರೆ ಅಂದುಕೊಳ್ಳಿ.

ನಾನು ಆಗಷ್ಟೇ ಪಶುವೈದ್ಯ ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದೆ. ಅವರು ಅಲ್ಲಿನ ಹಿರಿಯ ಡಾಕ್ಟರು. ಎತ್ತರದ ಆಳು, ಅರ್ಧ ತೋಳಿನ ಬಿಳಿ ಅಂಗಿ, ದಿನಾ ಬೆಳಿಗ್ಗೆ ಬ್ಲೇಡಿನಲ್ಲಿ ಉಗುರು ತೆಗೆಯುವ ಅಭ್ಯಾಸ. ದನದ ಗುದದೊಳಗೆ ಕೈ ಹಾಕಿ ಪರೀಕ್ಷೆ ಮಾಡುವ ಮೊದಲು ಕೈಗಡಿಯಾರ ಬಿಚ್ಚಿ ದನದ ಯಜಮಾನನಿಗೆ ಕೊಟ್ಟು, “ಟೈಮ್ ನೋಡ್ತಾ ಇರಪ್ಪ” ಅನ್ನುತ್ತಿದ್ದರು. ಗಾಬರಿಯಲ್ಲಿದ್ದ ಆತ ಗಡಿಯಾರ ಹಿಡಿದುಕೊಂಡು ಮುಳ್ಳನ್ನೇ ನೋಡುತ್ತ ನಿಲ್ಲುತ್ತಿದ್ದ. ಕೈ ಈಚೆ ತೆಗೆದ ಮೇಲೆ “ಎಷ್ಟಾಯ್ತು?” ಅಂತ ಕೇಳುವರು. “ನಾಕ್ ನಿಮ್ಸ ಸಾ” ಅಂತ ಅವನು ಹೆಮ್ಮೆಯಿಂದ ಹೇಳುವನು. ಆ ಹೊತ್ತಿಗೆ ಅವನ ಅಳು ನಿಂತಿರುತ್ತಿತ್ತು. ಜನರನ್ನು ಹೇಗೆ ಹಿಡಿಯಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಿರಿಯ ವೈದ್ಯರನ್ನೆಲ್ಲ ‘ಮಗೂ’ ಅಂತಲೇ ಕರೆಯುತ್ತಿದ್ದರು. ಪ್ರೀತಿಯಿಂದ ಅಂದುಕೊಂಡಿದ್ದೆ. ಒಬ್ಬರ ಹೆಸರೂ ನೆನಪಿಟ್ಟುಕೊಳ್ಳುವ ಕಷ್ಟ ತೆಗೆದುಕೊಂಡಿರಲಿಲ್ಲ ಅಂತ ಆಮೇಲೆ ತಿಳಿಯಿತು. ಮೂರು ವರ್ಷ ಅವರ ಕೈಕೆಳಗಿದ್ದೆ. ನನ್ನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಅವರು ಬಳಸಿದ್ದು ಒಂದೇ ಸಲ. ಅದು ಎಲ್ಲಿ ಅಂತ ಮುಂದೆ ಹೇಳುತ್ತೇನೆ.

ವಿದ್ಯೆ ಇತ್ತು. ಸುಳ್ಳು ಹೇಳಿ ಸೇಡು ತೀರಿಸಿಕೊಳ್ಳುವ ಅಗತ್ಯ ನನಗಿಲ್ಲ. ನಾನು ಸೇರಿದ ವಾರ ಕೌದಳ್ಳಿ ಕಡೆಯಿಂದ ಒಬ್ಬಾತ ಬರಗೂರು ಎತ್ತು ಹೊಡೆದುಕೊಂಡು ಬಂದಿದ್ದ. ಕೆಂಪು ಮೈಮೇಲೆ ಬಿಳಿ ಮಚ್ಚೆಯ ಬಲಿಷ್ಠ ಪ್ರಾಣಿ, ಬೆನ್ನು ಮೂಳೆ ಕಾಣುವಷ್ಟು ಇಳಿದುಹೋಗಿತ್ತು. ಕೆಂಪಗೆ ಗಂಜಲ ಹುಯ್ಯುತ್ತದೆ ಅಂತ ಯಾರೋ ಉಣ್ಣೆ ಹುಳು ಕಚ್ಚಿ ಬರುವ ಜ್ವರದ ಇಂಜೆಕ್ಷನ್ ಮೂರು ಸಲ ಕೊಟ್ಟಿದ್ದರು. ಇವರು ಗಂಜಲವನ್ನು ಗಾಜಿನ ಬಾಟಲಿಗೆ ಹಿಡಿಸಿ ಕಿಟಕಿಯಲ್ಲಿಟ್ಟು, “ಬಾ ಮಗೂ, ಟೀ ಕುಡಿಯೋಣ” ಅಂದರು. ಒಂದು ಗಂಟೆ ಕಳೆದು ಬಂದು ನೋಡಿದರೆ ಕೆಂಪು ತಳದಲ್ಲಿ ಕೂತಿತ್ತು, ಮೇಲೆಲ್ಲ ತಿಳಿ.

“ಉಣ್ಣೆ ಜ್ವರ ಆಗಿದ್ರೆ ಬಾಟ್ಲಿ ಪೂರ್ತಿ ಕಾಫಿ ಬಣ್ಣ ಹಾಗೇ ಇರ್ತಿತ್ತು. ಇದು ಹಸಿ ರಕ್ತ, ಅದಕ್ಕೇ ತಳ ಸೇರಿದೆ. ಒಳಗೆ ಎಲ್ಲೋ ಒಡೆದಿದೆ. ಎಲ್ಲಿ ಅಂತ ನೀನೇ ಹುಡುಕು” ಅಂದು ಕೈಗವಸು ಕೊಟ್ಟರು.

ಭುಜದವರೆಗೂ ಕೈ ಹಾಕಿದೆ. ದನದ ಮೂತ್ರಪಿಂಡ ಮನುಷ್ಯರದ್ದರ ಹಾಗೆ ನುಣುಪಾಗಿರುವುದಿಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಹಾಲೆ ಹಾಲೆಯಾಗಿ ಬೆರಳಿಗೆ ಸಿಕ್ಕಬೇಕು. ನನಗೆ ಸಿಕ್ಕಿದ್ದು ಸುಲಿಯದ ತೆಂಗಿನಕಾಯಿಯಂಥ ಒಂದು ಗಟ್ಟಿ ಗಡ್ಡೆ. ಹೇಳಿದೆ. ಅವರ ಮುಖ ಅರಳಿತು.

ಮೂರನೇ ದಿನ ಎತ್ತನ್ನು ನಿಲ್ಲಿಸಿಕೊಂಡೇ ಆಪರೇಷನ್ ಮಾಡಿದರು. ಕೆಟ್ಟಿದ್ದದ್ದು ಎಡ ಮೂತ್ರಪಿಂಡ, ಕುಯ್ದದ್ದು ಬಲ ಪಕ್ಕೆ. “ದನದ ದೊಡ್ಡ ಹೊಟ್ಟೆ ಎಡಗಡೆ ತುಂಬ್ಕೊಂಡು ಎಡದ್ದನ್ನ ಬಲಕ್ಕೆ ತಳ್ಳಿರುತ್ತೆ” ಅಂತ ವಿವರಿಸುತ್ತಲೇ ಪಕ್ಕೆ ಮರಗಟ್ಟುವ ಮದ್ದು ಚುಚ್ಚಿದರು. ಚರ್ಮ, ಮಾಂಸ ಬಿಡಿಸಿ ಒಳಗೆ ಕೈ ಇಳಿಸಿ, ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ರಕ್ತನಾಳ ಹುಡುಕಿ ಗಂಟು ಹಾಕಿದರು. ಒಂದೊಂದು ನಾಳಕ್ಕೂ ಎರಡೆರಡು ಗಂಟು. ಗಡ್ಡೆ ಈಚೆ ಬಂದಾಗ ಎತ್ತು ಮೆಲುಕು ಹಾಕುತ್ತಿತ್ತು. ಎರಡು ತಿಂಗಳಿಗೆ ಅದು ಮತ್ತೆ ನೊಗಕ್ಕೆ ಹೆಗಲು ಕೊಟ್ಟಿತು. ಆವತ್ತಿನಿಂದ ಅವರು ನನ್ನ ಪಾಲಿಗೆ ದೇವರಾದರು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಜ್ಜೀಪುರದ ಪುಟ್ಟಮಾದಮ್ಮನ ಹಸು ಬಂದದ್ದು ನಾನು ಸೇರಿದ ಮೂರನೇ ವರ್ಷ. ಆಕೆ ಗಂಡ ಸತ್ತ ಮೇಲೆ ಎರಡೆಕರೆ ಜೋಳದ ಹೊಲ, ಒಂದು ಸೀಮೆಹಸು ನಂಬಿಕೊಂಡು ಮಗಳನ್ನು ಓದಿಸುತ್ತಿದ್ದ ಹೆಂಗಸು. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಊರಿಗೆ ಹೋದಾಗ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು, “ನೋಡವ್ವ, ಹದ್ನೈದ್ ದಿನ್ದಿಂದ ಕೆಂಪ್ಗೆ ಉಯ್ತದೆ, ಹಾಲೂ ಇಂಗೋಯ್ತು” ಅಂದಳು. ಬಾಟಲಿಯ ಪರೀಕ್ಷೆ ಮಾಡಿದೆ, ಕೈ ಹಾಕಿ ನೋಡಿದೆ. ಎಡಗಡೆಯದು ಗಟ್ಟಿ. ನಾನೇ ಗಾಡಿ ಗೊತ್ತು ಮಾಡಿ ಹಸುವನ್ನು ಆಸ್ಪತ್ರೆಗೆ ತರಿಸಿದೆ.

ಒಂದು ಮೂತ್ರಪಿಂಡ ತೆಗೆಯಬೇಕಾದರೆ ಇನ್ನೊಂದು ಗಟ್ಟಿಮುಟ್ಟಾಗಿರಬೇಕು. ಅದನ್ನು ತಿಳಿಯಲು ರಕ್ತ ತೆಗೆದು, ಪೇಟೆಯಲ್ಲಿ ಮನುಷ್ಯರ ರಕ್ತ ನೋಡುವ ಲ್ಯಾಬಿಗೇ ಕೊಟ್ಟೆ. ನಮ್ಮಲ್ಲಿ ಆಗ ಬೇರೆ ದಾರಿ ಇರಲಿಲ್ಲ. ಚೀಟಿ ಕೈಗೆ ಬಂತು. ರಕ್ತದಲ್ಲಿ ನಿಲ್ಲಬಾರದ ಕಶ್ಮಲ ಇರಬೇಕಾದ್ದಕ್ಕಿಂತ ಆರು ಪಟ್ಟು ಇತ್ತು. ಅಂದರೆ ಬಲಗಡೆಯದೂ ಕೆಲಸ ನಿಲ್ಲಿಸುತ್ತಿದೆ. ಎಡದಲ್ಲಿ ಉಳಿದಿದ್ದ ಒಂದಿಷ್ಟು ಜೀವದಿಂದಲೇ ಹಸು ನಿಂತಿದೆ.

ಚೀಟಿ ಹಿಡಿದು ಅವರ ಕೋಣೆಗೆ ಹೋದೆ. ಅಲ್ಲಿ ಸಂಭ್ರಮ. ಮಾರನೇ ದಿನದ ಆಪರೇಷನ್ ನೋಡಲು ಮೇಲಧಿಕಾರಿಗಳು ಬರುತ್ತಿದ್ದರು. ಅವರ ಜೊತೆ ಹೊಸ ವೈದ್ಯರ ಒಂದು ತಂಡ, ವಿಡಿಯೋ ತೆಗೆಯುವವನೊಬ್ಬ. ಎಲ್ಲರಿಗೂ ಇವರೇ ಹೇಳಿ ಕಳಿಸಿದ್ದರು.

“ಸಾರ್, ಇದನ್ನ ತೆಗೆದ್ರೆ ಹಸು ಉಳಿಯಲ್ಲ.”

ಅವರು ಚೀಟಿ ತೆಗೆದುಕೊಂಡು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡರು.

“ಲ್ಯಾಬ್‌ನೋರು ಎಷ್ಟೋ ಸಲ ತಪ್ಪು ಮಾಡ್ತಾರೆ ಮಗೂ.”

“ಇನ್ನೊಂದ್ಸಲ ರಕ್ತ ಕಳಿಸೋಣ ಸಾರ್. ಒಂದೇ ದಿನ ಮುಂದಕ್ಕೆ ಹಾಕಿ.”

“ನಾಳೆ ಹೋಲ್ಡ್ ಮಾಡೋಕೆ ನೀನಿರು, ಸಾಕು.”

ಮಾರನೇ ದಿನ ನಾನಿದ್ದೆ. ಗಾಯದ ಅಂಚನ್ನು ಅಗಲಿಸಿ ಹಿಡಿದುಕೊಂಡು ನಿಂತಿದ್ದೆ. ಆಪರೇಷನ್ ಬಹಳ ಚೆನ್ನಾಗಿ ಆಯಿತು. ಗಡ್ಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಾಗ ಚಪ್ಪಾಳೆ ಬಿತ್ತು. ಬೇಲಿ ಕಂಬ ಹಿಡಿದು ನಿಂತಿದ್ದ ಪುಟ್ಟಮಾದಮ್ಮನಿಗೆ ಅವರು, “ಇನ್ನೊಂದು ಇದೆಯಲ್ಲಮ್ಮ, ಅದು ಸಾಕು” ಅಂದರು. ಅವಳು ಸೆರಗು ಒಗ್ಗೂಡಿಸಿ ಕೈಮುಗಿದಳು.

ಎರಡನೇ ದಿನ ಹಸು ಗಂಜಲ ಹುಯ್ಯುವುದನ್ನು ನಿಲ್ಲಿಸಿತು. ನಾಲ್ಕನೇ ದಿನ ಮಧ್ಯಾಹ್ನ ಮಲಗಿದ್ದು ಏಳಲಿಲ್ಲ. ಹೊಟ್ಟೆ ಕುಯ್ದು ನೋಡಿದವಳು ನಾನೇ. ಬಲ ಮೂತ್ರಪಿಂಡ ಬತ್ತಿದ ನೆಲ್ಲಿಕಾಯಿಯ ಹಾಗೆ ಸುರುಟಿ ಹೋಗಿತ್ತು.

ಮೇಲಧಿಕಾರಿಗಳೇ ಎದುರಿಗಿದ್ದ ಕೇಸು, ವಿಚಾರಣೆ ಬಂತು. ಹಸುವಿನ ಕೇಸ್ ಶೀಟಿನಲ್ಲಿ, ರಕ್ತ ಪರೀಕ್ಷೆ ಎಂಬಲ್ಲಿ, ಅವರ ಮುತ್ತಿನಂಥ ಅಕ್ಷರದಲ್ಲಿ ಒಂದು ಸಾಲಿತ್ತು: ‘ಸಹಾಯಕ ವೈದ್ಯೆಯ ಮೌಖಿಕ ವರದಿಯಂತೆ ಸಾಮಾನ್ಯ.’ ಅದರ ಪಕ್ಕದಲ್ಲಿ ನನ್ನ ಹೆಸರು. ಇನಿಷಿಯಲ್ ಸಮೇತ, ಒಂದಕ್ಷರ ತಪ್ಪಿಲ್ಲದೆ.

ಲ್ಯಾಬಿಗೆ ಓಡಿ ಚೀಟಿಯ ನಕಲು ತಂದೆ. ಅದರಲ್ಲಿ ಯಜಮಾನರ ಹೆಸರಿರಲಿಲ್ಲ. ಮನುಷ್ಯರ ಲ್ಯಾಬಿನವರು ಬರೀ ‘ಹಸು’ ಅಂತ ಬರೆದುಕೊಂಡಿದ್ದರು. “ಇದು ಯಾವ ಹಸುದೋ ಆಗಿರಬಹುದಲ್ಲಮ್ಮ” ಅಂದರು ವಿಚಾರಣೆಗೆ ಬಂದವರು. ನಾನು ಹಿರಿಯ ಡಾಕ್ಟರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ನನ್ನ ಸೇವಾ ಪುಸ್ತಕದಲ್ಲಿ ‘ನಿರ್ಲಕ್ಷ್ಯ’ ಎಂಬ ಪದ ಬಿತ್ತು. ಹನೂರಿನಾಚೆ, ಕಾಡಂಚಿನ ಒಂದು ಸಣ್ಣ ಚಿಕಿತ್ಸಾಲಯಕ್ಕೆ ವರ್ಗವಾಯಿತು. ಅದೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಇನ್ನೊಂದು. ಹಸುವಿನ ಹಗ್ಗ ತೆಗೆದುಕೊಂಡು ಹೋಗಲು ಪುಟ್ಟಮಾದಮ್ಮ ಬಂದಿದ್ದಾಗ ಅವರು ನನ್ನ ಭುಜದ ಮೇಲೆ ಕೈಯಿಟ್ಟು, “ಈ ಮಗು ಚಿಕ್ಕದಮ್ಮ, ರಿಪೋರ್ಟ್ ಸರಿಯಾಗಿ ನೋಡಿಲ್ಲ. ಬೈಬೇಡ” ಅಂದರು. ಪುಟ್ಟಮಾದಮ್ಮ ಬೈಯಲೂ ಇಲ್ಲ. “ನಮ್ ಕೊಟ್ಗೆ ತಾವ್ಕೆ ಬರ್ಬೇಡ ಕಣವ್ವ” ಅಂದು ಹಗ್ಗ ಸುತ್ತಿಕೊಂಡು ಹೋದಳು.

ಆ ಹೊಸ ಚಿಕಿತ್ಸಾಲಯದ ವ್ಯಾಪ್ತಿಗೆ ಅಜ್ಜೀಪುರವೂ ಬರುತ್ತಿತ್ತು. ನಾನು ಲಸಿಕೆ ಪೆಟ್ಟಿಗೆ ಹಿಡಿದು ಊರಿಗೆ ಹೋದ ದಿನ ಅವಳು ತನ್ನ ಕರುವನ್ನು ಕೌದಳ್ಳಿಯವರೆಗೆ ನಡೆಸಿಕೊಂಡು ಹೋಗಿ ಅಲ್ಲಿ ಹಾಕಿಸುತ್ತಿದ್ದಳು. ಆರು ಸಲ ಹೀಗಾಯಿತು.

ನಾನು ಕೈ ಪಳಗಿಸಿಕೊಂಡೆ. ಸತ್ತ ದನ ಯಾವುದೇ ಇರಲಿ, ಹೊಟ್ಟೆ ಬಿಡಿಸಿ ಮೂತ್ರಪಿಂಡದ ನಾಳಗಳನ್ನು ಕಣ್ಣು ಮುಚ್ಚಿ ಹುಡುಕಿ ಕಟ್ಟುತ್ತಿದ್ದೆ. ರಜೆ ಹಾಕಿ ಕಾಲೇಜಿಗೆ ಹೋಗಿ ಸ್ಕ್ಯಾನಿಂಗ್ ಕಲಿತೆ. ಕೆಲಸದ ಮೇಲಿನ ಪ್ರೀತಿ ಅಂತ ಜೊತೆಯವರು ಹೊಗಳುತ್ತಿದ್ದರು. ನನಗೆ ಬೇಕಿದ್ದುದು ಒಂದೇ, ಆ ಮನುಷ್ಯನಿಗಿಂತ ಚೆನ್ನಾಗಿ ಮಾಡಬೇಕು, ಅದನ್ನು ಆತ ನೋಡಬೇಕು. ವರ್ಷಗಳು ಕಳೆದು ನಾನು ಯಳಂದೂರು ಕಡೆಯ ಆಸ್ಪತ್ರೆಗೆ ಬಂದೆ. ನಾಲ್ಕು ದನಗಳ ಮೂತ್ರಪಿಂಡದ ಗಡ್ಡೆ ತೆಗೆದೆ, ಮೂರು ಉಳಿದವು. ಅವರು ಅಷ್ಟರಲ್ಲಿ ನಿವೃತ್ತರಾಗಿ, ಹೆಂಡತಿಯ ಊರು ಮಾಂಬಳ್ಳಿಯಲ್ಲಿ ಮನೆ ಕಟ್ಟಿಕೊಂಡು ಹಸು ಸಾಕಿಕೊಂಡಿದ್ದರು.

ಒಂದು ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಅದೇ ಬಿಳಿ ಅಂಗಿ. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರ್ ಸದ್ದು ಮಾಡುವಷ್ಟು ಕೈ ನಡುಗುತ್ತಿತ್ತು.

“ಮನೆ ಹಸು ಮಗೂ. ನಮ್ಮೋಳು ಕರುವಿನಿಂದ ಸಾಕಿದ್ದು. ಎಡಗಡೇದು ಗಡ್ಡೆ. ನನ್ನ ಕೈ ನೋಡು, ಸೂಜಿಗೆ ದಾರ ಪೋಣಿಸೋಕೂ ಆಗಲ್ಲ. ನೀನೇ ಮಾಡ್ಬೇಕು.”

“ರಕ್ತದ ರಿಪೋರ್ಟ್ ತಂದಿದೀರಾ?”

ಕವರಿನಿಂದ ತೆಗೆದು ಕೊಟ್ಟರು. ಎಲ್ಲ ಸರಿಯಾಗಿತ್ತು. ಒಂದು ಸಲ ಓದಿದರೆ ಸಾಕಿತ್ತು, ನಾನು ಬೇಕೆಂದೇ ಎರಡು ಸಲ ಓದಿದೆ. ಅವರನ್ನು ನಿಲ್ಲಿಸಿಕೊಂಡೇ ಓದಿದೆ.

“ನಾಳೆ ಮಾಡ್ತೀನಿ ಸಾರ್. ಇವತ್ತು ಅಜ್ಜೀಪುರಕ್ಕೆ ಹೋಗಿಬರೋಣ.”

ಅವರಿಗೆ ತಕ್ಷಣ ಅರ್ಥವಾಯಿತು. “ಅದೆಲ್ಲ ಹಳೇದಾಯ್ತಲ್ಲ ಮಗೂ” ಅಂದರು.

“ನನಗೆ ಹಳೇದಾಗಿಲ್ಲ. ನನ್ನ ಹೆಸರು ಮಗೂ ಅಲ್ಲ.”

ಅವರು ಅಜ್ಜೀಪುರಕ್ಕೆ ಬರದೇ ಇದ್ದಿದ್ದರೂ ನಾನು ಆ ಹಸುವಿಗೆ ಆಪರೇಷನ್ ಮಾಡುತ್ತಿದ್ದೆ. ಅದು ಅವರಿಗೆ ಗೊತ್ತಾಗದ ಹಾಗೆ ಮುಖ ಗಟ್ಟಿ ಮಾಡಿಕೊಂಡು ನಿಂತೆ. ಪ್ರಾಣಿಯ ನೋವು ಮುಂದಿಟ್ಟುಕೊಂಡು ಮನುಷ್ಯನ ಕೈ ತಿರುಚುವುದು ಸರಿಯೇ ಅಂತ ಕೇಳಿದರೆ, ಸರಿಯಲ್ಲ. ಆದರೂ ಮಾಡಿದೆ.

ಕೊಳ್ಳೇಗಾಲ ದಾಟಿ, ಹನೂರು ದಾಟಿ, ಕಾರಿನಲ್ಲಿ ಅವರು ಒಂದೇ ಮಾತಾಡಿದ್ದು.

“ನಿವೃತ್ತಿಗೆ ಸ್ವಲ್ಪ ವರ್ಷ ಇತ್ತು ನಂಗೆ. ನೀನು ಚಿಕ್ಕೋಳು, ತಡ್ಕೋತೀಯ ಅಂದ್ಕೊಂಡೆ.”

“ತಡ್ಕೊಂಡೆ ಸಾರ್. ಅದಕ್ಕೇ ಇವತ್ತು ನಿಮ್ಮನ್ನ ಕರ್ಕೊಂಡು ಹೋಗ್ತಿರೋದು.”

ಈ ಮಾತನ್ನು ಎಷ್ಟೋ ವರ್ಷದಿಂದ ಒಳಗೇ ಮಸೆದಿಟ್ಟುಕೊಂಡಿದ್ದವಳ ಹಾಗೆ ಆಡಿದೆ. ಆಡಿ ಮೈ ಬೆಚ್ಚಗಾಯಿತು.

ಪುಟ್ಟಮಾದಮ್ಮ ಹಿತ್ತಲಲ್ಲಿ ಜೋಳದ ಕಡ್ಡಿ ಕತ್ತರಿಸುತ್ತಿದ್ದಳು. ಕೂದಲು ಪೂರಾ ನರೆತಿತ್ತು. ನನ್ನನ್ನು ಕಂಡು ಕುಡುಗೋಲು ನಿಲ್ಲಿಸಿದಳು. “ಏನವ್ವ ಬಂದುದ್ದು?”

“ಸಾರ್ ನಿಮ್ಮತ್ರ ಒಂದು ಮಾತು ಹೇಳ್ಬೇಕಂತೆ” ಅಂದೆ.

ಅವರು ಗಂಟಲು ಸರಿಮಾಡಿಕೊಂಡು, “ಆವತ್ತು ನಿನ್ನ ಹಸು ವಿಷಯದಲ್ಲಿ ಒಂದು ಗೊಂದಲ ಆಗಿತ್ತಮ್ಮ” ಅಂತ ಶುರು ಮಾಡಿದರು.

“ಗೊಂದಲ ಅಲ್ಲ ಸಾರ್” ಅಂದೆ.

ಅವರು ಸುತ್ತ ನೋಡಿದರು. ಪಕ್ಕದ ಮನೆಯ ಇಬ್ಬರು ಹೆಂಗಸರು ಬೇಲಿ ಹತ್ತಿರ ಬಂದು ನಿಂತಿದ್ದರು. ಅಷ್ಟು ಜನರ ಮುಂದೆ, ತಲೆ ತಗ್ಗಿಸಿಕೊಂಡು ಹೇಳಿದರು. “ಈಯಮ್ಮನ ತಪ್ಪಿರಲಿಲ್ಲ. ಈಕೆ ರಿಪೋರ್ಟ್ ತಂದುಕೊಟ್ಟಿದ್ರು, ಕುಯ್ಯಬೇಡಿ ಅಂದಿದ್ರು. ನಾನೇ ಮುಚ್ಚಿಟ್ಟೆ. ಆಮೇಲೆ ಇವರ ಮೇಲೆ ಹಾಕಿದೆ.”

ಪುಟ್ಟಮಾದಮ್ಮ ಕುಡುಗೋಲು ಕೆಳಗಿಟ್ಟಳು.

“ಗೊತ್ತಿದ್ದೂ ಕುಯ್ದ್ರಾ ಸಾ?”

“ಹೂಂ.”

“ನೋಡೋಕೆ ಜನ ಬಂದಿದ್ರು ಅಂತವಾ?”

ಅವರು ಹೌದೆಂಬಂತೆ ತಲೆ ಆಡಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೇಲ್ದುಟಿಯ ಮೇಲೆ ಬೆವರು, ಕೆನ್ನೆ ಜೋತು ಬಿದ್ದಿತ್ತು. ನನಗೆ ಖುಷಿಯಾಯಿತು. ಕರುಣೆ ಬಂತು ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಬರಲಿಲ್ಲ.

ಅಷ್ಟರಲ್ಲಿ ಪುಟ್ಟಮಾದಮ್ಮ ನನ್ನ ಕಡೆ ತಿರುಗಿದಳು.

“ನಿಂಗೂ ಗೊತ್ತಿತ್ತಲ್ಲವ್ವ. ಆವತ್ತು ನಾನು ಬೇಲಿತಾವೇ ನಿಂತಿದ್ನಲ್ಲ. ಇವ್ರು ಕುಯ್ಯೋವಾಗ ನೀನೂ ಕೈ ಹಾಕಿ ಹಿಡ್ಕಂಡಿದ್ದೆ. ನಂಗ್ಯಾಕವ್ವ ಒಂದ್ ಮಾತು ಯೋಳ್ನಿಲ್ಲ? ಬ್ಯಾಡ ಅಂತ ಅಸ ಹಿಡ್ಕಂಡು ವೊಂಟೋಯ್ತಿದ್ದೆ ನಾನು.”

ಇಷ್ಟು ವರ್ಷ ಆ ದಿನವನ್ನು ಎಷ್ಟು ಸಲ ನೆನೆದಿದ್ದೆನೋ, ಪ್ರತಿ ಸಲವೂ ಚೀಟಿ, ಜೇಬು, ಅವರ ಮುಖ. ಬೇಲಿಯ ಹತ್ತಿರ ನಿಂತಿದ್ದವಳಿಗೆ ಹತ್ತು ಹೆಜ್ಜೆ ನಡೆದು ಹೋಗಿ ಹೇಳಬಹುದಿತ್ತು ಅನ್ನುವುದು ಒಂದು ಸಲವೂ ಹೊಳೆದಿರಲಿಲ್ಲ. ಅವಳು ಕುಡುಗೋಲು ಎತ್ತಿಕೊಂಡು ಮತ್ತೆ ಕಡ್ಡಿ ಕತ್ತರಿಸಲು ಕೂತಳು. ನಾವು ಬಂದೆವು.

ಮಾರನೇ ದಿನ ಮಾಂಬಳ್ಳಿಯ ಅವರ ಮನೆಯ ಅಂಗಳದಲ್ಲೇ ಹಸುವನ್ನು ಕಟ್ಟಿ ನಿಲ್ಲಿಸಿದೆವು. ನಾನು ಮೊದಲು ಅವರ ಹೆಂಡತಿಯನ್ನು ಕರೆದು ಕೂರಿಸಿಕೊಂಡೆ. ಇನ್ನೊಂದು ಮೂತ್ರಪಿಂಡ ಚೆನ್ನಾಗಿದೆ, ಆದರೂ ನಾಳದ ಗಂಟು ಜಾರಿದರೆ ಹತ್ತು ನಿಮಿಷದಲ್ಲಿ ಹಸು ಹೋಗಬಹುದು, ಗಡ್ಡೆ ಬೇರೆ ಕಡೆ ಹಬ್ಬಿದ್ದರೆ ಕುಯ್ದೂ ಉಪಯೋಗವಿಲ್ಲ, ಬೇಡ ಅನ್ನಿಸಿದರೆ ಈಗಲೇ ಹೇಳಿ ಅಂತ ಬಿಡಿಸಿ ಹೇಳಿದೆ. ಡಾಕ್ಟರು ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಂಡರು. “ಮಾಡಮ್ಮ” ಅಂದರು ಆಕೆ.

ನಾಳ ಕಟ್ಟುವ ಹೊತ್ತಿಗೆ ಅವರು ಕೈ ತೊಳೆದುಕೊಂಡು ಹತ್ತಿರ ಬಂದರು. “ನಾನು ಅಂಚು ಹಿಡ್ಕೊಳ್ಲಾ?”

“ಬೇಡ ಸಾರ್. ಅಲ್ಲೇ ನಿಂತು ನೋಡಿ.”

ನೋಡಿದರು. ಗಂಟಿನ ಮೇಲೆ ಗಂಟು ಹಾಕಿದೆ. ರಕ್ತ ಹೆಚ್ಚು ಹೋಗಲಿಲ್ಲ. ಗಡ್ಡೆ ಇಡಿಯಾಗಿ ಈಚೆ ಬಂತು, ಎಲ್ಲೂ ಹಬ್ಬಿರಲಿಲ್ಲ. ಹೊಲಿಗೆ ಮುಗಿದಾಗ ಅವರು, “ನನಗಿಂತ ಚೆನ್ನಾಗಿ ಮಾಡ್ದೆ” ಅಂದರು. ನಾನು ಬರುವ ಮುಂಚೆಯೇ ಹಸು ಗಂಜಲ ಹುಯ್ದಿತು, ತಿಳಿಯಾಗಿ. ಆಮೇಲೆ ಎರಡು ಸೂಲು ಕರು ಹಾಕಿತಂತೆ.

ಹೊರಡುವಾಗ ಅವರ ಹೆಂಡತಿ ಕಾಫಿ ಲೋಟ ಕೊಡುತ್ತ ಕೇಳಿದರು. “ನೆನ್ನೆ ಅಜ್ಜೀಪುರಕ್ಕೆ ಯಾಕಮ್ಮ ಹೋಗಿದ್ರಿ? ಬಂದೋರು ಊಟಾನೇ ಮಾಡ್ಲಿಲ್ಲ. ಕೇಳಿದ್ರೆ ಏನೂ ಹೇಳ್ತಿಲ್ಲ.”

ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಅವರು ನಲ್ಲಿ ನಿಲ್ಲಿಸಿದರು. ನನ್ನ ಕಡೆ ನೋಡಿದರು. ಆ ನೋಟದಲ್ಲಿ ಏನಿತ್ತೆಂದು ನನಗೆ ಗೊತ್ತು. ಏನಾದರೊಂದು ಹೇಳಿ ಮುಚ್ಚಬಹುದಿತ್ತು.

“ಅವರನ್ನೇ ಕೇಳಿ ಅಮ್ಮ. ಅವರೇ ಹೇಳ್ಬೇಕು” ಅಂದು ಲೋಟ ಕೆಳಗಿಟ್ಟು ಕಾರು ಹತ್ತಿದೆ. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಆಕೆ ಜಗಲಿಯ ಮೇಲೆ ಕೂತಿದ್ದರು. ಅವರು ಎದುರಿಗೆ ನಿಂತು ಏನೋ ಹೇಳುತ್ತಿದ್ದರು.

ಆಮೇಲೆ ನಾವಿಬ್ಬರೂ ಭೇಟಿಯಾಗಲಿಲ್ಲ. ಅವರು ಅಜ್ಜೀಪುರದಲ್ಲೊಮ್ಮೆ, ಹೆಂಡತಿಯ ಮುಂದೊಮ್ಮೆ ಬಾಯಿಬಿಟ್ಟು ಹೇಳಿ, ತನ್ನ ಪಾಲಿನದನ್ನು ಮುಗಿಸಿಕೊಂಡು ಹೋದರು. ನಾನು ಕ್ಷಮಿಸಿಲ್ಲ, ಸತ್ತರು ಅಂತ ಕ್ಷಮಿಸುವುದೂ ಇಲ್ಲ. ಆದರೆ ಹನೂರು ರಸ್ತೆಯಲ್ಲಿ ಕೆಲಸದ ಮೇಲೆ ಹೋಗುವಾಗ ಅಜ್ಜೀಪುರ ಬಂದರೆ ಈಗಲೂ ಗಾಡಿ ನಿಲ್ಲಿಸುವುದಿಲ್ಲ. ಪುಟ್ಟಮಾದಮ್ಮ ಕೇಳಿದ್ದಕ್ಕೆ ನಾನಿನ್ನೂ ಉತ್ತರ ಹೇಳಿಲ್ಲ.